ಆಣೆ ಮಾಡಿಸಿದ್ದೇವೆ, ಅಷ್ಟು ಸಾಕೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೆಕ್ಕೆಜೋಳ, ಸ್ವಲ್ಪ ಈರುಳ್ಳಿ ಬೆಳೆಯುತ್ತೇವೆ. ನನ್ನ ತಮ್ಮನಿಗೆ 33 ವರ್ಷ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಕೊರೆಸಿದ ಎರಡು ಕೊಳವೆಬಾವಿಗಳಲ್ಲೂ ನೀರು ಬೀಳಲಿಲ್ಲ, ಸಾಲ ಏರಿತು. ಹೋದ ತಿಂಗಳು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ದಾವಣಗೆರೆಯ ಆಸ್ಪತ್ರೆಯಲ್ಲಿ ಉಳಿಸಿಕೊಂಡೆವು. ಮನೆಗೆ ಬಂದು ಮೂರು ವಾರವಾಯಿತು. ಅವ್ವ ಮನೆದೇವರ ಮುಂದೆ ಮಗಳ ತಲೆ ಮುಟ್ಟಿಸಿ ಅವನಿಂದ ಆಣೆ ಮಾಡಿಸಿದ್ದಾಳೆ. ಮತ್ತೆ ನೆನಪಾಗುತ್ತದೆ ಎಂಬ ಹೆದರಿಕೆಯಿಂದ ಯಾರೂ ಆ ವಿಷಯ ಎತ್ತುವುದಿಲ್ಲ. ಅವನು ಮತ್ತೆ ಹಾಗೆ ಮಾಡುತ್ತಾನೋ ಇಲ್ಲವೋ ತಿಳಿಯಲು ಪರೀಕ್ಷೆ ಏನಾದರೂ ಇದೆಯೇ? ಬೇಸಾಯದ ಮನೆ, ಔಷಧಿ ಇಡದೆ ಆಗುವುದಿಲ್ಲ, ಏನು ಮಾಡಬೇಕು? ಬರುವ ತಿಂಗಳು ಸೋದರಮಾವನ ಮಗಳ ಮದುವೆಯಿದೆ. ಅವನನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಪರೀಕ್ಷೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗುವ ದಿನ ಹೆಚ್ಚಿನ ಕುಟುಂಬದವರು ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಕೇಳುವುದು ಇದನ್ನೇ. ಅಂಥ ಪರೀಕ್ಷೆ ಇಲ್ಲ. ರಕ್ತದ ಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ, ನಾವು ಎದುರಿಗೆ ಕೂರಿಸಿಕೊಂಡು ಅಂಕ ಹಾಕುವ ಪ್ರಶ್ನಾವಳಿಯಾಗಲಿ, ಒಬ್ಬ ವ್ಯಕ್ತಿ ಮುಂದೆ ಏನು ಮಾಡುತ್ತಾನೆಂದು ಹೇಳಲಾರವು. ಹೇಳುತ್ತೇನೆ ಎನ್ನುವವರಿದ್ದರೆ ಅವರನ್ನು ನಂಬಬೇಡಿ.

ಇದು ನನ್ನ ಸಂಕೋಚದ ಮಾತಲ್ಲ. ಅಮೆರಿಕದ ಮನೋವೈದ್ಯ ಅಲೆಕ್ಸ್ ಪೊಕೊರ್ನಿ, ಮಾನಸಿಕ ಚಿಕಿತ್ಸೆಗೆ ದಾಖಲಾದ 4,800 ಮಾಜಿ ಸೈನಿಕರನ್ನು ಹಲವು ವರ್ಷ ಹಿಂಬಾಲಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪಾಯ ಹೆಚ್ಚು ಎಂದು ಗುರುತಾದವರು 803 ಮಂದಿ. ಆ ಅವಧಿಯಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 67. ಅವರಲ್ಲಿ ಪಟ್ಟಿಯೊಳಗಿದ್ದವರು 30 ಮಂದಿಯಾದರೆ, ಉಳಿದ 37 ಮಂದಿ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿದ್ದ 770ಕ್ಕೂ ಹೆಚ್ಚು ಜನ ಹಾಗೆ ಸಾಯಲಿಲ್ಲ. ಅಂದಿನಿಂದ ಎಷ್ಟು ಮುಂದೆ ಬಂದಿದ್ದೇವೆ ಎಂದು ನೋಡಲು ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದರು. 2017ರಲ್ಲಿ ಪ್ರಕಟವಾದ ಆ ವಿಶ್ಲೇಷಣೆಯ ಪ್ರಕಾರ ನಮ್ಮ ಮುನ್ಸೂಚನೆ ಬಾಯಿಗೆ ಬಂದಂತೆ ಹೇಳುವುದಕ್ಕಿಂತ ತುಸುವೇ ಮೇಲು. ಐವತ್ತು ವರ್ಷಗಳಲ್ಲಿ ಅದು ಸುಧಾರಿಸಿಯೂ ಇಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅಂಕ ಹಾಕುವ ಪ್ರಶ್ನಾವಳಿಗಳಿಂದ ಭವಿಷ್ಯ ಹೇಳಬೇಡಿ, ರೋಗಿಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದವರೆಂದು ವಿಂಗಡಿಸಿ ಚಿಕಿತ್ಸೆ ನಿರ್ಧರಿಸಲೂ ಬೇಡಿ ಎಂದು ಅದು ಹೇಳಿತು.

ಇದನ್ನು ಓದಿ ನೀವು ಕೈಚೆಲ್ಲಬೇಕಾಗಿಲ್ಲ. ಯಾರು, ಯಾವಾಗ ಎಂದು ಮೊದಲೇ ತಿಳಿಯದೆಯೂ ತಡೆಯಬಹುದು ಎನ್ನುವುದು ಇದೇ ಸಂಶೋಧನೆಯ ಇನ್ನೊಂದು ಮುಖ. ಆದ್ದರಿಂದ ‘ಮತ್ತೆ ಮಾಡುತ್ತಾನೆಯೇ’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ‘ಕೆಟ್ಟ ಗಳಿಗೆ ಬಂದರೆ ನಾವೂ ಅವನೂ ಏನು ಮಾಡಬೇಕು’ ಎಂಬ ಪ್ರಶ್ನೆಯನ್ನು ಹಿಡಿದುಕೊಳ್ಳಿ. ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಇದೆ.

ಒಂದು ಅಂಕಿ ನಿಮ್ಮ ಅವ್ವನಿಗೂ ಹೇಳಿ. ಒಮ್ಮೆ ತನಗೆ ತಾನೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರ ಬಗ್ಗೆ ನಡೆದ 90 ಅಧ್ಯಯನಗಳನ್ನು ಬ್ರಿಟನ್ನಿನ ಸಂಶೋಧಕರು 2002ರಲ್ಲಿ ಪರಿಶೀಲಿಸಿದರು. ಒಂಬತ್ತು ವರ್ಷ ದಾಟಿದ ಮೇಲೂ ಆತ್ಮಹತ್ಯೆಯಿಂದ ತೀರಿಕೊಂಡವರು ನೂರಕ್ಕೆ ಸುಮಾರು ಏಳು ಮಂದಿ. ಅಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಹಾಗೆ ಸಾಯುವುದಿಲ್ಲ. ‘ಒಮ್ಮೆ ಮನಸ್ಸು ಮಾಡಿದವನನ್ನು ಯಾರೂ ತಡೆಯಲಾರರು’ ಎಂದು ಕಟ್ಟೆಯ ಮೇಲೆ ಕೂತವರು ಹೇಳುವುದು ಸುಳ್ಳು. ಆದರೆ ಆ ಏಳರಲ್ಲಿ ಒಂದು ಪಾಲು ಮೊದಲ ವರ್ಷದಲ್ಲೇ ಬೀಳುತ್ತದೆ. ಆಸ್ಪತ್ರೆಯಿಂದ ಹೊರಬಂದ ಮೊದಲ ಮೂರು ತಿಂಗಳು ಎಲ್ಲಕ್ಕಿಂತ ಸೂಕ್ಷ್ಮವಾದ ಕಾಲ. ನೀವು ಈಗ ಅದರ ನಡುವೆಯೇ ಇದ್ದೀರಿ.

ಇನ್ನು ಆಣೆ. ನಿಮ್ಮ ಅವ್ವನ ಸಂಕಟ ಅರ್ಥವಾಗುತ್ತದೆ, ಆದರೆ ನನಗೆ ಈ ಆಣೆ ಹೆದರಿಕೆ ತರಿಸುತ್ತದೆ. ಆಣೆ ಮಾಡಿದ ಮಾತ್ರಕ್ಕೆ ಸಾಯುವ ಯೋಚನೆ ಬರುವುದು ನಿಲ್ಲುವುದಿಲ್ಲ. ಯೋಚನೆ ಬಂದಾಗ ಅದನ್ನು ಯಾರಿಗೆ ಹೇಳಬೇಕೋ ಅವರಿಗೇ ಹೇಳದಂತೆ ಆಣೆ ಬಾಯಿ ಕಟ್ಟುತ್ತದೆ. ‘ಮಗಳ ತಲೆ ಮುಟ್ಟಿ ಹೇಳಿದ್ದೆ, ಆದರೂ ಇಂಥ ಯೋಚನೆ ಬರುತ್ತಿದೆ, ನಾನೆಂಥ ಪಾಪಿ’ ಎಂದು ಇದ್ದ ನೋವಿನ ಮೇಲೆ ಇನ್ನೊಂದು ನೋವು ಕೂರುತ್ತದೆ. ಇದು ನಮ್ಮ ಕಡೆಯವರ ಅಜ್ಞಾನ ಎಂದುಕೊಳ್ಳಬೇಡಿ. ಅಮೆರಿಕದ ಮನೋವೈದ್ಯರೇ 1970ರ ದಶಕದಿಂದ ರೋಗಿಗಳಿಂದ ‘ನನ್ನ ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವುದಿಲ್ಲ’ ಎಂದು ಒಪ್ಪಂದ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಿದ್ದರು. ದಶಕಗಟ್ಟಲೆ ನಡೆದ ಪದ್ಧತಿ ಅದು. ಅದರಿಂದ ಸಾವು ಕಡಿಮೆಯಾಯಿತು ಎನ್ನಲು ಪುರಾವೆ ಸಿಗಲಿಲ್ಲ. ಸಹಿ ಹಾಕಿದ ಕಾಗದದಿಂದ ವೈದ್ಯರಿಗೆ ನೆಮ್ಮದಿಯಾಯಿತು, ಅಷ್ಟೇ.

ಆಣೆಯನ್ನು ತೆಗೆಸಲು ಹೋಗಿ ಅವ್ವನ ಮನಸ್ಸು ಮುರಿಯಬೇಡಿ. ಅವ್ವನ ಬಾಯಲ್ಲೇ ಇನ್ನೊಂದು ಮಾತು ಹೇಳಿಸಿ: ‘ಆ ಯೋಚನೆ ಬಂದರೆ ಆಣೆ ಮುರಿದಂತಲ್ಲ ಕಣೋ, ಬಂದಾಗ ನಮ್ಮಲ್ಲಿ ಯಾರಿಗಾದರೂ ಹೇಳು, ಅಷ್ಟು ಸಾಕು.’ ಅವ್ವ ಇಷ್ಟು ಹೇಳಿದರೆ ಆಣೆಯ ಕಟ್ಟು ಸಡಿಲವಾಗುತ್ತದೆ.

ಮಾತೆತ್ತಿದರೆ ನೆನಪಾಗುತ್ತದೆ ಎಂದಿರಿ. ನಿಮ್ಮ ತಮ್ಮ ಅದನ್ನು ಮರೆತಿದ್ದಾನೆ ಎಂದು ನಿಮಗೆ ನಿಜವಾಗಿಯೂ ಅನಿಸುತ್ತದೆಯೇ? ಮೆಡೆಲಿನ್ ಗೂಲ್ಡ್ ಎಂಬ ಸಂಶೋಧಕಿ ನ್ಯೂಯಾರ್ಕ್ ರಾಜ್ಯದ ಶಾಲೆಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನದ ಬಳಿಕ ನೋಡಿದರೆ, ಕೇಳಿದ ಗುಂಪಿನಲ್ಲಿ ಅಂಥ ಯೋಚನೆ ಹೆಚ್ಚಿರಲಿಲ್ಲ. ಖಿನ್ನತೆಯಲ್ಲಿದ್ದ ಮತ್ತು ಹಿಂದೆ ಯತ್ನಿಸಿದ್ದ ಮಕ್ಕಳಿಗಂತೂ ಕೇಳಿದ್ದರಿಂದಲೇ ಸ್ವಲ್ಪ ಹಗುರಾಗಿತ್ತು. ಇದು 2005ರ ಫಲಿತಾಂಶ. ಆಮೇಲೆ 2014ರಲ್ಲಿ ಇಂಥ ಹದಿಮೂರು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರಿಗೂ, ಕೇಳಿದ್ದರಿಂದ ಯೋಚನೆ ಗಣನೀಯವಾಗಿ ಹೆಚ್ಚಿದ್ದು ಒಂದು ಅಧ್ಯಯನದಲ್ಲೂ ಕಾಣಲಿಲ್ಲ.

ಕೇಳುವ ಬಗೆ ಮುಖ್ಯ. ನಮ್ಮಲ್ಲಿ ಕೇಳುವವರೂ ಹೀಗೆ ಕೇಳುತ್ತಾರೆ: ‘ಈಗ ಹಾಗೇನೂ ಯೋಚನೆ ಇಲ್ಲ ತಾನೇ?’ ಇದು ಪ್ರಶ್ನೆಯಲ್ಲ. ‘ಇಲ್ಲ’ ಎಂದು ಹೇಳು ಎಂಬ ಬೇಡಿಕೆ. ಅವನು ಇಲ್ಲ ಎನ್ನುತ್ತಾನೆ, ನೀವು ನಿಟ್ಟುಸಿರು ಬಿಡುತ್ತೀರಿ, ಇಬ್ಬರೂ ಇದ್ದಲ್ಲೇ ಇರುತ್ತೀರಿ. ಮನೆಯ ಜನವೆಲ್ಲ ಸುತ್ತ ಕೂತು ಕೇಳುವುದೂ ಬೇಡ, ಅದು ಪಂಚಾಯಿತಿಯಾಗುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಇಬ್ಬರೇ ವಾಪಸ್ ಬರುವಾಗಲೋ, ಬದುವಿನ ಮೇಲೆ ಪಕ್ಕಪಕ್ಕ ಕೂತಾಗಲೋ ಕೇಳಿ. ಮುಖ ಮುಖ ನೋಡದೆ ಮಾತಾಡುವುದು ಗಂಡಸರಿಗೆ ಸಲೀಸು. ‘ತಮ್ಮಾ, ಆವತ್ತು ಆದದ್ದರ ಬಗ್ಗೆ ನಾನು ಕೇಳಲೇ ಇಲ್ಲ, ಕೇಳಲು ನನಗೇ ಹೆದರಿಕೆಯಾಗಿತ್ತು. ಸಾಯಬೇಕು ಎನ್ನುವ ಯೋಚನೆ ಈಗಲೂ ಬರುತ್ತದೆಯೇ?’ ಎಂದು ಕೇಳಿ, ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗಬೇಡಿ.

ಹೌದು ಎಂದರೆ? ಎದೆ ಧಸಕ್ಕೆನ್ನುತ್ತದೆ, ಸಹಜ. ಆದರೆ ‘ಮಗಳ ಮುಖ ನೋಡಬಾರದೇ’, ‘ನಿನಗೇನು ಕಡಿಮೆ ಮಾಡಿದ್ದೇವೆ’ ಎಂಬ ಮಾತುಗಳನ್ನು ನುಂಗಿಕೊಳ್ಳಿ. ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ಯಾವ ಹೊತ್ತಿನಲ್ಲಿ ಹೆಚ್ಚು, ಏನಾದಾಗ ಹೆಚ್ಚು, ಹೇಗೆಂದು ಯೋಚಿಸಿದ್ದಾನೆಯೇ, ಏನು ಮಾಡಿದರೆ ಸ್ವಲ್ಪ ತಗ್ಗುತ್ತದೆ ಎಂದು ಕೇಳಿ. ಈ ಉತ್ತರಗಳೇ ಮುಂದಿನ ಕೆಲಸಕ್ಕೆ ಬೇಕಾದ ಸಾಮಗ್ರಿ. ಇಲ್ಲ ಎಂದರೆ ಅಷ್ಟಕ್ಕೇ ಬಿಡಿ. ವಾರ ಬಿಟ್ಟು ಮತ್ತೆ ಕೇಳಿ.

ಅವನ ತಲೆಯೊಳಗೆ ಏನು ನಡೆಯುತ್ತದೆ ಎನ್ನುವುದು ಸ್ವಲ್ಪ ತಿಳಿದಿದ್ದರೆ ನಿಮಗೆ ತಾಳ್ಮೆ ಬರುತ್ತದೆ. ನಮ್ಮ ಜಿಲ್ಲಾ ಪುಟಗಳಲ್ಲಿ ‘ಸಾಲಬಾಧೆ ತಾಳಲಾರದೆ’ ಎಂದು ಶುರುವಾಗುವ ಸಣ್ಣ ಸುದ್ದಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಾಲವಿದ್ದ ಲಕ್ಷಾಂತರ ಜನ ಬದುಕಿದ್ದಾರೆ, ಬೇಸಾಯ ಮಾಡಿಕೊಂಡಿದ್ದಾರೆ. ಒಂದು ಸಾವಿಗೆ ಒಂದು ಕಾರಣ ಅಂಟಿಸಿ ಕೈತೊಳೆದುಕೊಳ್ಳುವುದು ಪೊಲೀಸ್ ದಾಖಲೆಗೆ ಸಾಕಾಗಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಲೆಕ್ಕ ಹಾಕಿತು. ಅದರಲ್ಲಿ ಅತಿದೊಡ್ಡ ಪಾಲು ‘ಕೌಟುಂಬಿಕ ಸಮಸ್ಯೆ’ ಎಂಬ ಒಂದೇ ಖಾನೆಯೊಳಗೆ ಹೋಗಿದೆ. ಅದರಿಂದ ಏನು ತಿಳಿಯುತ್ತದೆ? ಚೆನ್ನೈನಲ್ಲಿ ಮನೋವೈದ್ಯರಾದ ಲಕ್ಷ್ಮಿ ವಿಜಯಕುಮಾರ್ ಮತ್ತು ಎಸ್. ರಾಜ್‌ಕುಮಾರ್, ಆತ್ಮಹತ್ಯೆಯಿಂದ ತೀರಿಕೊಂಡ 100 ಮಂದಿಯ ಬದುಕನ್ನು ಅದೇ ವಯೋಮಾನದ 100 ಮಂದಿಯ ಬದುಕಿನ ಜೊತೆಗಿಟ್ಟು ನೋಡಿ 1999ರಲ್ಲಿ ಬರೆದರು. ಮಾನಸಿಕ ಕಾಯಿಲೆ, ಮನೆತನದಲ್ಲಿ ಕಾಯಿಲೆಯ ಇತಿಹಾಸ, ಇತ್ತೀಚಿನ ಆಘಾತ, ಇವೆಲ್ಲ ಹೆಣೆದುಕೊಂಡೇ ಕಂಡವು.

ಫ್ಲಾರಿಡಾದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಸಿದ್ಧಾಂತ ಎರಡು ಭಾವನೆಗಳನ್ನು ಎತ್ತಿ ತೋರಿಸುತ್ತದೆ: ನಾನು ಯಾರಿಗೂ ಬೇಕಾದವನಲ್ಲ, ನಾನು ಎಲ್ಲರಿಗೂ ಭಾರ. ಇವೆರಡೂ ಕೂಡಿದಾಗ ಸಾಯುವ ಆಸೆ ಹುಟ್ಟುತ್ತದೆ. ನೋವಿನ, ಸಾವಿನ ಭಯ ಹಿಂದಿನ ಅನುಭವಗಳಿಂದ ಸವೆದಿದ್ದರೆ ಆಸೆ ಕೃತ್ಯಕ್ಕೆ ಇಳಿಯುತ್ತದೆ ಎನ್ನುವುದು ಅವರ ವಾದ. ಪರೀಕ್ಷಿಸಿ ನೋಡಿದಾಗ ಸಿಕ್ಕ ಸಂಬಂಧ ಅವರು ಹೇಳಿದಷ್ಟು ಗಟ್ಟಿಯಲ್ಲ, ಸಾಧಾರಣ ಮಟ್ಟದ್ದು. ಆದರೂ ‘ಭಾರ’ ಎಂಬ ಆ ಒಂದು ಎಳೆ ನಮ್ಮ ಹಳ್ಳಿಯ ಗಂಡಸರ ಮಾತಿನಲ್ಲಿ ನನಗೆ ಮತ್ತೆ ಮತ್ತೆ ಕೇಳಿಸಿದೆ. ‘ನಾನಿಲ್ಲದಿದ್ದರೆ ಮನೆಯವರಾದರೂ ನೆಮ್ಮದಿಯಾಗಿರುತ್ತಾರೆ’ ಎನ್ನುತ್ತಾರೆ. ಅದು ತ್ಯಾಗವೂ ಅಲ್ಲ, ಲೆಕ್ಕಾಚಾರವೂ ಅಲ್ಲ. ಕಾಯಿಲೆ ಆಡಿಸುವ ಮಾತು. ಇದನ್ನು ತಿಳಿದ ಮೇಲೆ ‘ಆಸ್ಪತ್ರೆಗೇ ಇಷ್ಟು ಸುರಿದೆವು’ ಎಂಬ ಮಾತನ್ನು ಅವನ ಕಿವಿಗೆ ಬೀಳುವಂತೆ ಯಾರೂ ಆಡಬಾರದು. ಬಂದ ನೆಂಟರೂ ಆಡಬಾರದು. ಆಡಿದರೆ ಎದ್ದು ನಿಂತು ಅವರನ್ನು ಚಹಾ ಕುಡಿಯಲು ಹೊರಗೆ ಕರೆದುಕೊಂಡು ಹೋಗಿ. ಹಾಗೆಯೇ, ‘ಪಾಪ, ಆರಾಮ ಮಾಡಲಿ’ ಎಂದು ಅವನ ಕೈಯಿಂದ ಎಲ್ಲ ಕೆಲಸ ಕಿತ್ತುಕೊಂಡಿದ್ದರೆ ವಾಪಸ್ ಕೊಡಿ. ದನಗಳಿಗೆ ಮೇವು ಹಾಕುವುದು, ಮಗಳನ್ನು ಶಾಲೆಗೆ ಬಿಡುವುದು, ಇಂಥ ಸಣ್ಣ, ಆದರೆ ಅವನಿಲ್ಲದಿದ್ದರೆ ನಿಲ್ಲುವ ಕೆಲಸ.

ಇನ್ನೊಂದು ಸಂಶೋಧನೆ ನನಗೆ ಬಹಳ ಇಷ್ಟ. ಮಾರ್ಕ್ ವಿಲಿಯಮ್ಸ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1986ರಲ್ಲಿ, ಆಗತಾನೇ ಯತ್ನಿಸಿ ಬದುಕುಳಿದವರಿಗೆ ಒಂದೊಂದು ಪದ ಹೇಳಿ, ಅದಕ್ಕೆ ಹೊಂದುವ ಒಂದು ನಿರ್ದಿಷ್ಟ ನೆನಪು ಹೇಳಿ ಎಂದು ಕೇಳಿದರು. ‘ಸಂತೋಷ’ ಎಂದರೆ ಬೇರೆಯವರು ಇಂಥ ದಿನ, ಇಂಥ ಊರಿನ ಜಾತ್ರೆ ಎಂದು ಹೇಳುವ ಕಡೆ, ಇವರು ‘ಚಿಕ್ಕವನಿದ್ದಾಗ ಚೆನ್ನಾಗಿತ್ತು’ ಎಂಬಂತೆ ತೇಲಿಸಿ ಹೇಳಿದರು. ನೆನಪಿನ ವಿವರಗಳೇ ಕೈಗೆ ಸಿಗುತ್ತಿರಲಿಲ್ಲ. ಇದರಿಂದ ಆಗುವ ನಷ್ಟ ದೊಡ್ಡದು: ಹಿಂದೊಮ್ಮೆ ಕಷ್ಟ ಬಂದಾಗ ಹೇಗೆ ದಾಟಿದೆ ಎಂಬ ವಿವರ ನೆನಪಾಗದವನಿಗೆ ಈಗಿನದನ್ನು ದಾಟುವ ದಾರಿಯೂ ಹೊಳೆಯುವುದಿಲ್ಲ. ‘ಧೈರ್ಯ ತಂದುಕೋ, ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಅವನ ಮೇಲೆ ಜಾರಿ ಹೋಗುವುದು ಇದಕ್ಕೇ. ಅದೂ ತೇಲುವ ಮಾತೇ. ಅದರ ಬದಲು ‘ಆ ಬರದ ವರ್ಷ ಈರುಳ್ಳಿ ಕೊಳೆತಾಗ ನೀನು ಯಾರ ಹತ್ತಿರ ಬೀಜ ತಂದೆ, ನೆನಪಿದೆಯೇ?’ ಎಂದು ಕೇಳಿ. ಹೆಸರು, ಊರು, ದಿನ ಸಮೇತ ಅವನೇ ಹೇಳಲಿ.

ಈಗ, ಕೆಟ್ಟ ಗಳಿಗೆಯಲ್ಲಿ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಯೋಜನೆಯ ಮಾತು. ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಇದಕ್ಕೆ ನಾವು ‘ಸುರಕ್ಷತಾ ಯೋಜನೆ’ ಎನ್ನುತ್ತೇವೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಯೋಜನೆ ಬರೆಸಿ, ಆಮೇಲೆ ಫೋನಿನಲ್ಲಿ ವಿಚಾರಿಸಿಕೊಂಡ ಗುಂಪಿನಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆ ಕಂಡಿತು ಎಂದು 2018ರಲ್ಲಿ ವರದಿಯಾಯಿತು. ಒಂದು ಹಾಳೆ ಸಾಕು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದದ್ದನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ಹಾಳೆಯ ಮೇಲ್ತುದಿಯಲ್ಲಿ ಅವರೇ ಬರೆದ ಎಚ್ಚರಿಕೆಯ ಗುರುತುಗಳು: ‘ಸಂಘದ ಕಂತಿನ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಮೊಬೈಲ್ ಸ್ವಿಚ್ ಆಫ್ ಮಾಡುತ್ತೇನೆ. ಒಬ್ಬನೇ ತೋಟದ ಮನೆಗೆ ಹೋಗಬೇಕೆನಿಸುತ್ತದೆ.’ ಅದರ ಕೆಳಗೆ, ಆಗ ತಾನೊಬ್ಬನೇ ಮಾಡಬಹುದಾದದ್ದು: ತಣ್ಣೀರಲ್ಲಿ ಮುಖ ತೊಳೆಯುವುದು, ಅಂಗಳದಲ್ಲಿ ಓಡಾಡುವುದು, ಹಳೆಯ ವಚನಗಳ ಧ್ವನಿಸುರುಳಿ ಕೇಳುವುದು. ಆಮೇಲೆ, ವಿಷಯ ಹೇಳದೆಯೂ ಹೋಗಿ ಕೂರಬಹುದಾದ ಜಾಗ: ಸ್ಟ್ಯಾಂಡಿನ ಹತ್ತಿರದ ಮಂಡಕ್ಕಿ ಮಿರ್ಚಿ ಅಂಗಡಿ. ಆಮೇಲೆ, ವಿಷಯ ಹೇಳಿಯೇ ಕರೆಯಬಹುದಾದ ಇಬ್ಬರು. ಒಬ್ಬ ಭಾವಮೈದುನ, ಇನ್ನೊಬ್ಬ ಹೈಸ್ಕೂಲಿನ ಗೆಳೆಯ. ಇಬ್ಬರ ನಂಬರೂ ಅಲ್ಲೇ. ಹೆಂಡತಿಯ ಹೆಸರನ್ನು ಮೊದಲು ಬರೆದು ಹೊಡೆದುಹಾಕಿದ್ದರು. ‘ಅವಳಿಗೆ ಹೇಳಿದರೆ ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ’ ಎಂದರು. ಅದು ಸರಿಯಾದ ತೀರ್ಮಾನವೇ. ಯೋಜನೆ ಅವರದು, ಹೆಸರುಗಳೂ ಅವರಿಗೆ ಹೊಂದಬೇಕು. ಕೊನೆಗೆ ವೈದ್ಯರ ನಂಬರು, ಸಹಾಯವಾಣಿ, ಮತ್ತು ಮನೆಯಿಂದ ಏನೇನು ದೂರವಿಡಬೇಕು ಎಂಬ ಸಾಲು. ಮಡಚಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡರು. ನಿಮ್ಮ ತಮ್ಮನೊಂದಿಗೆ ಇದನ್ನು ಚಿಕಿತ್ಸಕರ ಮುಂದೆ ಕೂತು ಬರೆಯುವುದು ಉತ್ತಮ. ಬರೆಯುವ ಕೈ ಅವನದಾಗಿರಲಿ.

ಆ ಕೊನೆಯ ಸಾಲಿಗೆ ಬರೋಣ. ಔಷಧಿ ಇಡದೆ ಬೇಸಾಯವಿಲ್ಲ ಎಂದಿರಿ. ನಿಜ, ಫಾಲ್ ಸೈನಿಕ ಹುಳು ಕಾಣಿಸಿಕೊಂಡ 2018ರಿಂದೀಚೆಗೆ ಮೆಕ್ಕೆಜೋಳಕ್ಕೂ ಔಷಧಿ ಹೊಡೆಯದೆ ವಿಧಿಯಿಲ್ಲ. ಆದರೆ ಹೊಡೆಯುವುದು ಬೇರೆ, ಮನೆಯಲ್ಲಿ ಇಡುವುದು ಬೇರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ಯತ್ನಿಸಿ ಬದುಕುಳಿದ 82 ಮಂದಿಯನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ, ಆ ಸಲದ ಯೋಚನೆ ಹೊಳೆದದ್ದಕ್ಕೂ ಕೈ ಹಾಕಿದ್ದಕ್ಕೂ ನಡುವೆ ಹತ್ತು ನಿಮಿಷವೂ ಇರಲಿಲ್ಲ ಎಂದರು. ಆ ಹತ್ತು ನಿಮಿಷ ಕೈಗೆಟುಕುವ ಜಾಗದಲ್ಲಿ ಅಪಾಯದ ವಸ್ತು ಇಲ್ಲದಿದ್ದರೆ ಬಹಳಷ್ಟು ಸಲ ಅಲೆ ತಾನಾಗಿ ತಗ್ಗುತ್ತದೆ. ಇದು ಸಿಗದಿದ್ದರೆ ಇನ್ನೊಂದು ಹುಡುಕುತ್ತಾರೆ ಎಂಬ ನಂಬಿಕೆಗೆ ಶ್ರೀಲಂಕಾ ಉತ್ತರ ಕೊಟ್ಟಿದೆ. 1995ರ ಸುಮಾರಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಆತ್ಮಹತ್ಯೆ ಪ್ರಮಾಣವಿದ್ದ ದೇಶಗಳಲ್ಲಿ ಅದೂ ಒಂದು. ಅತಿ ಅಪಾಯಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ 2015ರ ಹೊತ್ತಿಗೆ ಆ ಪ್ರಮಾಣ ಶೇ 70ರಷ್ಟು ಇಳಿಯಿತು. ಉಳಿದ ಜೀವಗಳು ಸುಮಾರು 93,000 ಎಂಬುದು ಸಂಶೋಧಕರ ಅಂದಾಜು.

ಬೀಗದ ಪೆಟ್ಟಿಗೆಯ ಬಗ್ಗೆ ಮಾತ್ರ ನಿಷ್ಠುರವಾಗಿ ಹೇಳಬೇಕು. ಅದೇ ಶ್ರೀಲಂಕಾದ ಅನುರಾಧಪುರದಲ್ಲಿ 180 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳ ಮನೆಗಳಿಗೆ ಬೀಗ ಹಾಕುವ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಬಂದ ಫಲಿತಾಂಶ: ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ವ್ಯತ್ಯಾಸವಿಲ್ಲ. ಪೆಟ್ಟಿಗೆ ಮನೆಯಲ್ಲೇ ಇದ್ದರೆ ಕೀಲಿಯೂ ಮನೆಯಲ್ಲೇ ಇರುತ್ತದೆ, ಅಲ್ಲವೇ? ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಬೇರೆ ದಾರಿ ಹಿಡಿಯಿತು. ಊರಿನವರ ಔಷಧಿ ಮನೆಯ ಹೊರಗೆ, ಎಲ್ಲರಿಗೂ ಸೇರಿದ ಒಂದು ಕೋಣೆಯಲ್ಲಿ, ಉಸ್ತುವಾರಿಯೊಂದಿಗೆ. ಸಣ್ಣ ಅಧ್ಯಯನವಾದರೂ ಅಲ್ಲಿ ಪ್ರಮಾಣ ಇಳಿದದ್ದು ಕಂಡಿತು. ಆದ್ದರಿಂದ ನಿಮ್ಮ ಮನೆಗೆ ನನ್ನ ಸಲಹೆ: ಉಳಿದ ಬಾಟಲಿಗಳೆಲ್ಲ ಇಂದೇ ಹೊರಗೆ ಹೋಗಲಿ. ನಂಬಿಕೆಯ ನೆರೆಯವರ ಹೊಲದ ಕೋಣೆಯೋ, ಬೇರೆ ಓಣಿಯ ದಾಯಾದಿಯ ಮನೆಯೋ ಆಗಬಹುದು. ಈ ಹಂಗಾಮು ಮುಗಿಯುವವರೆಗೆ ಔಷಧಿ ಹೊಡೆಯುವುದು ಕೂಲಿಯವರ ಕೆಲಸ. ಆ ದಿನಕ್ಕೆ ಬೇಕಾದಷ್ಟೇ ಗೊಬ್ಬರದ ಅಂಗಡಿಯಿಂದ ನೇರ ಹೊಲಕ್ಕೆ ತನ್ನಿ, ಉಳಿದರೆ ಮನೆಗೆ ತರಬೇಡಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ಅವನ ಹೆಂಡತಿ ಇಟ್ಟುಕೊಂಡು ದಿನದ ಲೆಕ್ಕದಲ್ಲಿ ಕೊಡಲಿ. ಇದನ್ನೆಲ್ಲ ಕದ್ದು ಮಾಡಬೇಡಿ. ‘ಕೆಲವು ತಿಂಗಳು ಹೀಗಿರಲಿ, ನಿನ್ನ ಮೇಲೆ ಅಪನಂಬಿಕೆಯಲ್ಲ, ಆ ಗಳಿಗೆಯ ಮೇಲೆ’ ಎಂದು ಹೇಳಿಯೇ ಮಾಡಿ. ಹೆಚ್ಚಿನವರು ಬೇಸರ ಮಾಡಿಕೊಳ್ಳುವುದಿಲ್ಲ. ಒಳಗೊಳಗೇ ಅವರಿಗೂ ನಿರಾಳವಾಗುತ್ತದೆ. ಕುಡಿತವಿದ್ದರೆ ಅದರ ಬಗ್ಗೆಯೂ ಇಷ್ಟೇ ನೇರವಾಗಿ ಮಾತಾಡಿ. ಆ ಹತ್ತು ನಿಮಿಷವನ್ನು ದಾಟುವ ವಿವೇಕವನ್ನು ಕುಡಿತ ಮೊದಲು ಕಸಿದುಕೊಳ್ಳುತ್ತದೆ.

ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ವಿಚಾರಿಸಿಕೊಳ್ಳುವುದು. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೊಟ್ಟೊ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ಆಗಾಗ ನಾಲ್ಕು ಸಾಲಿನ ಪತ್ರ ಬರೆಸಿದರು. ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎನ್ನುವಷ್ಟೇ, ಉಪದೇಶವಿಲ್ಲ, ಬೇಡಿಕೆಯಿಲ್ಲ. ಮೊದಲ ಎರಡು ವರ್ಷ ಪತ್ರ ಪಡೆದವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. ನಂತರ ಬೇರೆಡೆ ಮಾಡಿದ ಇಂಥ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಅದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು, ಅದರಲ್ಲಿ ಚೆನ್ನೈಯೂ ಇತ್ತು. ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯಲ್ಲಿ ಒಂದು ಗುಂಪಿಗೆ ಹೊರಡುವ ಮುನ್ನ ಒಂದು ಗಂಟೆ ಕೂತು ವಿವರಿಸಿ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿ ಅಥವಾ ಮನೆಗೆ ಹೋಗಿ ಮಾತಾಡಿಸಿದರು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 2 ಮಂದಿ, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 18. ಭೇಟಿಗಳು ಮೊದಮೊದಲು ಒತ್ತೊತ್ತಾಗಿ, ಒಂದನೇ, ಎರಡನೇ, ನಾಲ್ಕನೇ ವಾರಕ್ಕೆ, ಆಮೇಲೆ ವಿರಳವಾಗಿ ನಡೆದಿದ್ದವು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ: ಆಸ್ಪತ್ರೆಯಲ್ಲಿದ್ದಾಗ ಊರಿಗೆ ಊರೇ ಬಾಳೆಹಣ್ಣು ಹಿಡಿದು ಬರುತ್ತದೆ, ಮನೆಗೆ ಬಂದ ಮೂರನೇ ವಾರಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ನೆಂಟರಲ್ಲಿ ನಾಲ್ಕು ಜನರನ್ನು ಆರಿಸಿ, ವಾರಕ್ಕೊಬ್ಬರು ಅವನಿಗೆ ಫೋನ್ ಮಾಡುವಂತೆ ಪಾಳಿ ಹಾಕಿ. ಬುದ್ಧಿ ಹೇಳಲು ಅಲ್ಲ. ಮಳೆ, ಬೆಲೆ, ಕ್ರಿಕೆಟ್, ಏನಾದರೂ ಸರಿ.

ಚಿಕಿತ್ಸೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು, ಸ್ವಲ್ಪ ಚೇತರಿಸಿದ ಕೂಡಲೇ ಬಿಟ್ಟರೆ ಕೆಲಸ ಕೆಟ್ಟಂತೆ. ಆಪ್ತಸಮಾಲೋಚನೆಯೂ ಬರೀ ಮಾತಲ್ಲ: ಯತ್ನಿಸಿ ಬದುಕುಳಿದ 120 ಮಂದಿಯ ಮೇಲೆ ಗ್ರೆಗರಿ ಬ್ರೌನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಭೇಟಿಗಳ ಅರಿವಿನ ಚಿಕಿತ್ಸೆ (ಯೋಚಿಸುವ ಬಗೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಪಡೆದವರು ಮುಂದಿನ 18 ತಿಂಗಳಲ್ಲಿ ಮತ್ತೆ ಯತ್ನಿಸುವ ಸಾಧ್ಯತೆ ಅರ್ಧದಷ್ಟು ಕಡಿಮೆಯಾಗಿತ್ತು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ; ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಸ್ ಆಗುತ್ತದೆಂಬ ಹೆದರಿಕೆಯಿಂದ ವೈದ್ಯರಿಗೆ ಸುಳ್ಳು ಹೇಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ.

ಸಾಲವನ್ನೂ ಮನಸ್ಸಿನಿಂದ ಬೇರೆ ಮಾಡಲಾಗದು. ಸೊಸೈಟಿ, ಸಂಘ, ಫೈನಾನ್ಸ್, ಕೈಗಡ, ಎಲ್ಲವನ್ನೂ ಒಂದು ಹಾಳೆಯಲ್ಲಿ ಅಣ್ಣತಮ್ಮ ಕೂತು ಬರೆಯಿರಿ. ಅವನ ತಲೆಯೊಳಗಿನ ಮೊತ್ತ ಹಾಳೆಯ ಮೇಲಿನದಕ್ಕಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ. ವಸೂಲಿಯವರು ಮನೆ ಮುಂದೆ ನಿಂತು ಬೆದರಿಸುತ್ತಿದ್ದರೆ, ಅಂಥ ಬಲವಂತ ಅಪರಾಧವೆಂದು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ನೀವು ಹೋಗಿ, ಅವನನ್ನು ಕಳಿಸಬೇಡಿ.

ಯಾವ ರಾತ್ರಿಯಾದರೂ ಅವನು ಸಾಯುವ ಮಾತಾಡಿದರೆ, ಎಲ್ಲರಿಗೂ ವಿದಾಯ ಹೇಳುವಂತೆ ನಡೆದುಕೊಂಡರೆ, ಒಬ್ಬನನ್ನೇ ಬಿಡಬೇಡಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲಿ, ಉಚಿತವಾಗಿ ಮಾತಾಡುತ್ತಾರೆ. ಅವನೂ ಮಾಡಬಹುದು, ನೀವೂ ಮಾಡಬಹುದು, ಈ ವಾರಗಳಲ್ಲಿ ನಿದ್ದೆಗೆಟ್ಟಿರುವ ಅವನ ಹೆಂಡತಿಯೂ ಮಾಡಬಹುದು. ಅಪಾಯ ಕಣ್ಣೆದುರೇ ಇದ್ದರೆ 108ಕ್ಕೋ 112ಕ್ಕೋ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ಮದುವೆಯ ವಿಷಯ. ಅವನ ಪರವಾಗಿ ನೀವೇ ತೀರ್ಮಾನಿಸಬೇಡಿ, ಅವನನ್ನೇ ಕೇಳಿ. ಬರುವುದಿಲ್ಲ ಎಂದರೆ ಒತ್ತಾಯ ಬೇಡ, ಆದರೆ ಎಲ್ಲರೂ ಹೊರಟು ಅವನೊಬ್ಬನನ್ನೇ ಮನೆ ಕಾಯಲು ಬಿಡುವುದೂ ಬೇಡ, ಒಬ್ಬರು ಜೊತೆಗಿರಲಿ. ಬರುತ್ತೇನೆ ಎಂದರೆ, ‘ಏನಾಗಿತ್ತು?’ ಎಂದು ಕೇಳುವವರು ಹತ್ತು ಮಂದಿ ಸಿಗುತ್ತಾರೆ. ಅದಕ್ಕೊಂದು ಉತ್ತರವನ್ನು ಅವನೇ ಮೊದಲು ಆರಿಸಿಕೊಳ್ಳಲಿ. ‘ಹುಷಾರಿರಲಿಲ್ಲ, ಚಿಕಿತ್ಸೆ ನಡೆಯುತ್ತಿದೆ’ ಎಂಬಷ್ಟು ಸಾಕು, ಅದು ಸುಳ್ಳೂ ಅಲ್ಲ. ಹಿಂದಿನ ದಿನದ ಕುಡಿಯುವ ಕೂಟಕ್ಕೆ ಕಳಿಸದೆ ಮುಹೂರ್ತಕ್ಕೆ ನೇರವಾಗಿ ಹೋಗಿ, ನಿಮ್ಮ ಬೈಕಿನಲ್ಲೇ ಹೋಗಿ. ಸಾಕೆನಿಸಿದರೆ ಊಟಕ್ಕೂ ಕಾಯದೆ ಹೊರಡಬಹುದು ಎಂದು ಅವನಿಗೆ ಮೊದಲೇ ಹೇಳಿಡಿ.